ವೈನಿಗೆ ಕೊಟ್ಟ ಬೂಟು

ನನ್ನ ವೈನಿ ಮೆಟ್ಟಿಲ ಮೇಲೆ ಬಿದ್ದದ್ದು ಅವರ ತಪ್ಪಿನಿಂದಲ್ಲ. ನಾನು ಮಾಡಿಕೊಟ್ಟ ಬೂಟಿನಿಂದ. ಅದರಲ್ಲಿ ದೋಷವಿದೆ ಎಂಬುದು ಕೊಡುವಾಗಲೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಕೊಟ್ಟೆ. ಆಮೇಲೆ ತಪ್ಪನ್ನು ಅವರ ಕಾಲಿನ ಮೇಲೆಯೇ ಹೊರಿಸಿದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ವಿಜಾಪುರ ಬಿಟ್ಟು ಪುಣೆಗೆ ಬಂದು ಬಿಬವೇವಾಡಿಯಲ್ಲಿ ಬಟ್ಟೆ ಅಂಗಡಿ ಹಾಕಿದ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಕರೆಸಿಕೊಂಡು, ಜಡೆ ಹಾಕಿ ಶಾಲೆಗೆ ಕಳಿಸಿದವರು ವೈನಿ. ಸಂಧಿವಾತ ಬಂದು ಅವರ ಬೆರಳುಗಳು ಒಂದೊಂದಾಗಿ ಸೊಟ್ಟಗಾದವು. ಚಪ್ಪಲಿ ಹಾಕಿದರೆ ಕಾಲು ಜಾರುತ್ತಿತ್ತು. ಬೂಟು ಹಾಕಲು ಕೈ ಬಗ್ಗುತ್ತಿರಲಿಲ್ಲ. ಹೊರಗೆ ಹೊರಟರೆ ಅಣ್ಣನೇ ಕುಕ್ಕರಗಾಲಲ್ಲಿ ಕೂತು ತೊಡಿಸಬೇಕು. ಅವನು ಅಂಗಡಿಗೆ ಹೋದನೆಂದರೆ ವೈನಿ ಸಂಜೆಯವರೆಗೆ ಮನೆಯಲ್ಲೇ.

ಪುಣೆಯಲ್ಲೇ, ವಾಕಡದಲ್ಲಿ ಬೂಟು ವಿನ್ಯಾಸ ಮಾಡುವ ಒಂದು ಚಿಕ್ಕ ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಕೈ ಹಚ್ಚದೆ ತೊಡುವ ಬೂಟು ಮಾಡಬೇಕೆಂಬ ಹಟ ನನಗೆ ಹುಟ್ಟಿದ್ದು ಅವರನ್ನು ನೋಡಿಯೇ. ನಿಂತಲ್ಲೇ ಕಾಲು ತೂರಿಸಿದರೆ ಬೂಟಿನ ಹಿಂಬದಿ ಕೆಳಗೆ ಮಡಚಬೇಕು, ಹಿಮ್ಮಡಿ ಒಳಗೆ ಕೂತ ಕೂಡಲೇ ಮತ್ತೆ ಎದ್ದು ಕಾಲನ್ನು ಹಿಡಿಯಬೇಕು. ಅದನ್ನು ಎಬ್ಬಿಸಲು ಒಳಗೆ ಬಾಗಿದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಇಟ್ಟಿದ್ದೆ. ಮೊದಲ ಜೋಡಿಯನ್ನು ವೈನಿಯ ಅಳತೆಗೇ ಮಾಡಿಸಿದೆ. ಕಂಪನಿಗೆ ಹಣ ಹಾಕುವವರ ಮುಂದೆ ವೈನಿಯೇ ತೊಟ್ಟು ತೋರಿಸುವುದೆಂದು ತೀರ್ಮಾನವಾಯಿತು.

ಆ ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅದೇ ಪಟ್ಟಿ ಹಾಕಿದ ಇನ್ನೊಂದು ಬೂಟನ್ನು ಒತ್ತಿ ಒತ್ತಿ ಪರೀಕ್ಷಿಸುತ್ತಿದ್ದೆ. ಟಿಕ್ ಎಂದಿತು. ಬಿಚ್ಚಿ ನೋಡಿದರೆ ಪಟ್ಟಿಯಲ್ಲಿ ಕೂದಲೆಳೆಯಂಥ ಬಿರುಕು. ಮತ್ತೆ ಒತ್ತಿದೆ — ಹಿಂಬದಿ ಎದ್ದಿತು; ಇನ್ನೊಮ್ಮೆ ಒತ್ತಿದೆ, ಏಳಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಹೇಳಿದ್ದರೆ ಪ್ರದರ್ಶನ ಮುಂದಕ್ಕೆ ಹೋಗುತ್ತಿತ್ತು, ಬಹುಶಃ ನಿಂತೇ ಹೋಗುತ್ತಿತ್ತು. ಬಿರುಕು ಬಿಟ್ಟ ಪಟ್ಟಿಯನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ.

ಮರುದಿನ ವೈನಿ ಇಳಕಲ್ ಸೀರೆ ಉಟ್ಟು ಬಂದರು. ಎಲ್ಲರೂ ಅವರ ಪಾದವನ್ನು ನೋಡುತ್ತಿದ್ದರೆ ನಾನು ಕಿವಿಯನ್ನೆಲ್ಲ ಆ ಹಿಮ್ಮಡಿಗೆ ಕೊಟ್ಟು ನಿಂತಿದ್ದೆ. ಕಾಲು ಒಳಗೆ ಹೋಯಿತು, ಹಿಂಬದಿ ಎದ್ದಿತು. ಸದ್ದಿಲ್ಲ. ವೈನಿ ಕೋಣೆಯ ಉದ್ದಕ್ಕೂ ನಡೆದು ತಿರುಗಿ ಬಂದರು. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಮರಳುವಾಗ ರಿಕ್ಷಾದಲ್ಲಿ ಕೇಳಿದರು, "ಸುಮಾ, ಇವನ್ನ ನಾನs ಇಟ್ಕೊಳ್ಲೇನು?"

ಬೇಡ, ಪಟ್ಟಿ ಬದಲಿಸಬೇಕು ಎನ್ನಬಹುದಿತ್ತು. ಯಾಕೆಂದು ಕೇಳುತ್ತಿದ್ದರು. ಹಾಗಿದ್ದರೆ ಅಷ್ಟು ಜನರ ಮುಂದೆ ನನ್ನನ್ನು ಯಾಕೆ ನಡೆಸಿದಿ ಎಂದೂ — ನಾನು "ಇಟ್ಕೋರಿ ವೈನಿ" ಎಂದೆ.

ಆಮೇಲೆ ಅವರು ತಾವಾಗಿಯೇ ತರಕಾರಿಗೆ ಹೊರಟರು, ಗೆಳತಿಯರ ಜೊತೆ ಪಾರ್ಕಿಗೆ ಹೊರಟರು. ಅಣ್ಣನ ಫೋನು ಬಂದಾಗಲೆಲ್ಲ ವೈನಿ ಹೇಗಿದ್ದಾರೆ ಎಂದೇ ಮೊದಲು ಕೇಳುತ್ತಿದ್ದೆ. ಈ ವಾರ ಪಟ್ಟಿ ಬದಲಿಸಿಕೊಡುತ್ತೇನೆ, ಬರುವ ವಾರ ಖಂಡಿತ — ಹೀಗೇ ಇರುವಾಗ ಒಂದು ಬೆಳಿಗ್ಗೆ ಆ ಫೋನು ಬಂತು. ಕಟ್ಟಡದ ಮೆಟ್ಟಿಲು ಇಳಿಯುವಾಗ ವೈನಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಅವರ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ಹೆಬ್ಬೆರಳಿನಿಂದ ಬಲಗಾಲಿನದನ್ನು ಒತ್ತಿದೆ. ಹಿಂಬದಿ ಸತ್ತಂತೆ ಮಲಗಿಯೇ ಇತ್ತು.

"ಬೂಟಿಂದ ಏನರೆ ಆತೇನು?" ಅಣ್ಣ ಕೇಳಿದ.

"ಇಲ್ಲಣ್ಣಾ. ವೈನಿ ಹಿಮ್ಮಡಿ ಪೂರಾ ಒಳಗ ಇಟ್ಟಿರಲಿಕ್ಕಿಲ್ಲ."

ಅಷ್ಟೇ ಮಾತು. ವೈನಿ ಹಾಸಿಗೆಯಿಂದಲೇ ತಲೆಯಾಡಿಸಿದರು. "ಹೌದ್ರಿ, ನಂದೇ ತಪ್ಪು. ಗಡಿಬಿಡಿ ಮಾಡಿದೆ." ನನ್ನ ಕಡೆ ತಿರುಗಿ, "ನೀ ಯಾಕ ಅಳ್ತಿ ಸುಮಾ? ನೀ ಏನ ಮಾಡಿದಿ?" ಎಂದರು.

ಆ ಬೂಟನ್ನು ನಾನೇ ಕಸಕ್ಕೆ ಎಸೆದೆ. ದಪ್ಪ ಪಟ್ಟಿ ಹಾಕಿ ವಿನ್ಯಾಸ ಸರಿಪಡಿಸಿದೆ. ಈಗ ಅದು ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ವೈನಿಯ ಮೂಳೆ ಕೂಡಿತು. ಆದರೆ ಅವರು ಮತ್ತೆ ಒಬ್ಬರೇ ಹೊಸ್ತಿಲು ದಾಟಲಿಲ್ಲ. ಅಣ್ಣನೂ ದಾಟಗೊಡಲಿಲ್ಲ.

ಕಳೆದ ತಿಂಗಳು ಇಂದಾಪುರದಲ್ಲಿ ಅವರ ಮಗಳಿಗೆ ಹೆರಿಗೆಯಾಯಿತು. ಕೂಸನ್ನು ನೋಡಲು ವೈನಿಯನ್ನು ಕರೆದುಕೊಂಡು ಹೋಗಬೇಕೆಂದು ಅವರ ಮನೆಗೆ ಹೋದೆ. ವೈನಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ನಾ ಒಲ್ಲೆ. ಬಸ್ಸು, ಮೆಟ್ಟಲಾ... ನನ್ನ ಕಾಲಿನ ಮ್ಯಾಲ ನನಗ ಭರವಸಿ ಇಲ್ಲ. ಕೂಸಿನ ಹಿಡ್ಕೊಂಡಾಗ ಬಿದ್ರ?"

ಅಲ್ಲಿಗೆ ಕಟ್ಟಿಕೊಂಡಿದ್ದ ನನ್ನ ಬಾಯಿ ಬಿಚ್ಚಿತು. ಅಣ್ಣ ಎದುರಿಗೇ ಇದ್ದ. ಬಿರುಕು, ಡ್ರಾಯರು, ರಿಕ್ಷಾ, ಆಸ್ಪತ್ರೆಯಲ್ಲಿ ಆಡಿದ ಸುಳ್ಳು — ಒಂದನ್ನೂ ಬಿಡದೆ ಹೇಳಿದೆ. ಅಣ್ಣ ಎದ್ದು ಬಾಲ್ಕನಿಗೆ ಹೋಗಿ ನಿಂತ.

ವೈನಿ ಗೋಡೆಯಿಂದ ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದ್ದು ಒಂದೇ. "ಗೊತ್ತಿದ್ದs ಕೊಟ್ಟಿಯೇನು?"

"ಹೌದ್ರಿ."

"ಇಷ್ಟ ದಿನ ನನ್ನ ಕಾಲಿಗೆ ನಾ ಬೈಕೋತ ಕೂತೇನಲ್ಲs ಸುಮಾ..." ಸೊಟ್ಟ ಬೆರಳುಗಳಿಂದ ಸೀರೆಯ ಮೇಲಿಂದಲೇ ಮೊಣಕಾಲನ್ನು ಸವರಿಕೊಂಡರು. "ನೀ ಈಗ ಹೋಗು."

ಮರುದಿನ ಕಂಪನಿಯಲ್ಲಿಯೂ ಹೇಳಿದೆ. ವೈನಿ ನಡೆಯುತ್ತಿರುವ ಆ ದಿನದ ವಿಡಿಯೋವನ್ನು ಎಲ್ಲಿಯೂ ತೋರಿಸಬಾರದೆಂದು ಕೇಳಿಕೊಂಡೆ. ನನ್ನ ಮೇಲೆ ಏನು ಕ್ರಮ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಯಾವುದಾದರೂ ಒಪ್ಪುತ್ತೇನೆ.

ನಿನ್ನೆ ಅವರು ಇಂದಾಪುರಕ್ಕೆ ಹೊರಡುತ್ತಾರೆಂದು ತಿಳಿದು ಬಿಬವೇವಾಡಿಗೆ ಹೋದೆ. ಕಟ್ಟಡದ ಕೆಳಗೆ, ಗೇಟಿನ ಆಚೆಯೇ ನಿಂತೆ. ಅಣ್ಣ ಮುಂದೆ ಚೀಲ ಹಿಡಿದು ಇಳಿದು ಬಂದ. ಹಿಂದೆ ವೈನಿ, ಭುಜವನ್ನು ಗೋಡೆಗೆ ಆನಿಸಿಕೊಂಡು, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಇಳಿಯುತ್ತಿದ್ದರು. ಅಣ್ಣ ಕೈ ಚಾಚಿದ. ಅವರು ಬೇಡವೆಂದು ತಲೆಯಾಡಿಸಿದರು. ಕೊನೆಯ ಮೆಟ್ಟಿಲು ಇಳಿದು ನನ್ನನ್ನು ಕಂಡರು.  ನನ್ನ ಪಕ್ಕದಿಂದಲೇ ಹಾದು ಹೋಗಿ ರಿಕ್ಷಾ ಹತ್ತಿದರು.

ನಾನು ಕರೆಯಲಿಲ್ಲ. ಕರೆಯುವ ಹಕ್ಕು ನನಗಿರಲಿಲ್ಲ.