ಹುಕುಂ ಅತ್ತಿ

ಗೆಳತ್ಯಾರ, ಇವತ್ತ ಮಧ್ಯಾಹ್ನ ನಮ್ಮ ಬಾಗೇವಾಡಿ ಮನ್ಯಾಗ ಆಗಿದ್ದು ಹೇಳ್ತೇನಿ, ನಗಬ್ಯಾಡ್ರಿ.

ನಾವೆಲ್ಲಾ ನಾಕ ವರ್ಷ ಬೈಕೋತ ನೋಡಿದ ಸೀರಿಯಲ್‌ನ ಕೆಟ್ಟ ಅತ್ತಿ ಶಾಂತಕ್ಕ ಇದ್ದಳಲ್ಲ, ಆಕಿ ಸೊಸಿ ಆಗಿ ಬಂದ ಕಾಲದ ಕಥಿ ಇವತ್ತ ಹೊಸಾ ಸೀರಿಯಲ್ ಆಗಿ ಶುರುವಾತು. ಮೊದಲನೇ ದಿನಾನ ನಾಕ ಮಂದಿ ಮನಿ ಮುರೀತಾಳ ಅಂತ ನಾ ಕಾದು ಕುಂತಿದ್ದೆ. ಆಕಿ ನೋಡಿದ್ರ, ಎಲ್ಲಾರೂ ಉಂಡ ಮ್ಯಾಲ ಮೂಲ್ಯಾಗ ಕುಂತು ತಣ್ಣನ ರೊಟ್ಟಿ ತಿನಕೋತ ಅಳಾಕತ್ತಿದ್ಲು.

ನನಗ ಸಿಟ್ಟು ನೆತ್ತಿಗೇರ್ತು. "ಇದು ಮೋಸ, ನಮಗ ಆ ಕೆಟ್ಟ ಅತ್ತಿನ ಬೇಕು" ಅಂತ ನಮ್ಮ ಗ್ರೂಪಿನ್ಯಾಗ ಬರದೆ. ಮುದ್ದೇಬಿಹಾಳದಾಕಿ, ಸಿಂದಗಿಯಾಕಿ, ಎಲ್ಲಾರೂ ಹೌದ್ ಹೌದ ಅಂದ್ರಿ. ಬಾಜೂಕ ಶೇಂಗಾ ಸುಲಿಯಾಕತ್ತಿದ್ದ ನಮ್ಮ ಅತ್ತಿಗೂ ಓದಿ ಹೇಳಿದೆ. "ಸೊಸಿ ಹಿಂಗ ತಣ್ಣನ ರೊಟ್ಟಿ ತಿನ್ನೂದೆಲ್ಲಾ ಎಲ್ಲಿ ಇರತೈತ್ರಿ, ಅತ್ತಿ?"

ಅತ್ತಿ ತಲಿ ಎತ್ತಲಿಲ್ಲ. "ಇದ ಮನ್ಯಾಗ ಇತ್ತವಾ. ನಾ ಬಂದು ಮೂರು ವರ್ಷ ಬಿಸಿ ರೊಟ್ಟಿ ಕಂಡಿಲ್ಲ."

ಹದಿನಾಲ್ಕು ವರ್ಷದಿಂದ ದಿನಾ ಇವರು "ಒಲಿ ಮ್ಯಾಲಿಂದ ರೊಟ್ಟಿ ಇಳಿದ ಕೂಡ್ಲೆ ಮೊದಲ ನೀ ಉಣ್ಣು" ಅಂತ ನನಗ ಗದರಸ್ತಾರ. ಅದಕ್ಕ ನಾ ಗ್ರೂಪಿನ್ಯಾಗ ಇವರಿಗೆ 'ಹುಕುಂ ಅತ್ತಿ' ಅಂತ ಹೆಸರಿಟ್ಟೇನಿ. ನೀವೂ ನಕ್ಕೀರಿ.

"ಒಂದ ದಿನಾನೂ ಯಾಕ ಹೇಳಲಿಲ್ರಿ, ಅತ್ತಿ?" ಅಂದೆ.

"ನೀ ಕೇಳಿದ್ದರ ಯಾವಾಗ? ಈಗೂ ಜಾಹೀರಾತು ಬಂದೈತಿ ಅಂತ ಕೇಳಾಕತ್ತಿ."