ತಮ್ಮ ಮನಸಾರೆ ನೀರು ಕುಡಿದ ದಿನ

ಕಣ್ಣು ಬಿಟ್ಟಾಗ ನಾನು ಕೇಳಿದ ಮೊದಲ ಮಾತು, “ನನ್ನ ತಮ್ಮಗ ಯೂರಿನ್ ಬಂತೇನ್ರಿ?”

ಪಕ್ಕದಲ್ಲಿದ್ದ ನರ್ಸ್ ನಕ್ಕಳು. “ಬಂದೈತ್ರಿ ಟೀಚರ್. ಆಪರೇಷನ್ ಟೇಬಲ್ ಮ್ಯಾಲೇ ಬಂತಂತ. ನೀವೀಗ ಸುಮ್ನ ಮಲ್ಕೋರಿ.”

ದೇವರಿಗೆ ಸ್ತೋತ್ರ ಹೇಳಬೇಕೆಂದು ಬಾಯಿ ತೆರೆದೆ. ಹೊರಬಂದದ್ದು ಮಾತ್ರ “ಅಯ್ಯೋ ಅವ್ವಾ...” ಎಂಬ ನರಳಿಕೆ.

ಆ ದಿನ ನನ್ನ ಎಡಗಡೆಯ ಕಿಡ್ನಿ ತೆಗೆದು ತಮ್ಮ ಪ್ರಕಾಶನಿಗೆ ಹಾಕಿದ್ದರು. ಹೊಸ ಕಿಡ್ನಿ ಕೆಲಸ ಶುರು ಮಾಡಿದೆ ಎನ್ನುವುದಕ್ಕೆ ಮೂತ್ರವೇ ಗುರುತು. ಹೀಗಾಗಿ ಆ ವಾರವೆಲ್ಲ ನಮ್ಮ ಬಳಗದವರು ಫೋನ್ ಮಾಡಿದರೆ ಊಟ ಆಯ್ತಾ ಎಂದು ಕೇಳುತ್ತಿರಲಿಲ್ಲ, ಇದನ್ನೇ ಕೇಳುತ್ತಿದ್ದರು.

ಪ್ರಕಾಶನದು ಖಾನಾಪುರದಲ್ಲಿ ಸಣ್ಣ ಬೇಕರಿ. ಕಿಡ್ನಿ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಬಸ್ ಹಿಡಿದು ಬೆಳಗಾವಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಮರುದಿನ ಮತ್ತೆ ಭಟ್ಟಿಯ ಮುಂದೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬೇಕಾದಷ್ಟು ನೀರು ಕುಡಿಯುವಂತಿಲ್ಲ, ಅಳೆದು ಕುಡಿಯಬೇಕು. ಭಟ್ಟಿಯ ಕಾವಿನಲ್ಲಿ ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಅವನು ಪಾವ್ ತೆಗೆಯುವುದನ್ನು ನೋಡಿದ ದಿನ, ನನಗೆ ಮನೆಗೆ ಬಂದು ಒಂದು ಲೋಟ ನೀರು ಕುಡಿಯಲಾಗಲಿಲ್ಲ.

ಅವ್ವನಿಗೆ ಶುಗರ್, ಹಾಗಾಗಿ ಅವಳ ಕಿಡ್ನಿ ಬೇಡ ಎಂದರು ಡಾಕ್ಟರ್. ನನ್ನದು ಹೊಂದಿತು. ಆದರೆ ತಮ್ಮ ಒಪ್ಪಬೇಕಲ್ಲ?

“ಅಕ್ಕಾ, ನಿನ್ನ ಹೊಟ್ಟಿ ಕೊಯ್ಸಿ ನಾ ಬದುಕೂದು ಬ್ಯಾಡ. ನಿನಗ ಏನರ ಆದ್ರ ಮಾಮಾಗ ಹ್ಯಾಂಗ ಮಾರಿ ತೋರಸಲಿ?”

“ಮಾರಿ ಆಮ್ಯಾಲೆ ತೋರಸಂತಿ. ಮೊದಲ ಬದುಕು” ಎಂದು ಬೈದು ಒಪ್ಪಿಸಿದೆ.

ಅವನ ಮಾಮಾ, ಅಂದರೆ ನನ್ನ ಗಂಡ ವಿಲ್ಸನ್ ಅವರಿಗೂ ಭಯವೇ. ಒಂದು ಮಧ್ಯಾಹ್ನ ಬೆಳಗಾವಿಯ ನಮ್ಮ ಹಿಂದವಾಡಿ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು, “ನನಗ ಅಂಜಿಕಿ ಐತಿ, ಖರೇ. ಆದ್ರ ಬ್ಯಾಡ ಅನ್ನಾಕ ನಾಲಿಗಿ ಹೊಳ್ಳವಲ್ದು” ಎಂದರು.

ನನಗೇನೋ ಭಾರಿ ಧೈರ್ಯವಿತ್ತು ಎಂದುಕೊಳ್ಳಬೇಡಿ. ಆಪರೇಷನ್ ಥಿಯೇಟರಿಗೆ ಒಯ್ಯುವಾಗ ಬಾಯಿಪಾಠವಿದ್ದ ಪ್ರಾರ್ಥನೆಗಳೆಲ್ಲ ಮರೆತುಹೋಗಿ, “ಯೇಸಪ್ಪಾ, ಯೇಸಪ್ಪಾ” ಎಂದಷ್ಟೇ ಹೇಳಿದ ನೆನಪು.

ಕಿಡ್ನಿ ಪಡೆದವರಿಗಿಂತ ಕೊಟ್ಟವರಿಗೇ ಮೊದಲ ದಿನಗಳಲ್ಲಿ ನೋವು ಜಾಸ್ತಿ ಇರಬಹುದು ಎಂದು ಡಾಕ್ಟರ್ ಹೇಳಿದ್ದರು. ನಾನು ತಲೆಯಾಡಿಸಿದ್ದೆ... ಅಷ್ಟೇ, ನಂಬಿರಲಿಲ್ಲ.

ಪಕ್ಕೆಯಲ್ಲಿ ಹೊಲಿಗೆ ಉರಿ. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ ಗ್ಯಾಸ್ ಭುಜದಲ್ಲಿ ನೋವಾಗಿ ಕೂತಿತ್ತು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು.

ಹೀಗಿರುವಾಗ ನಮ್ಮ ಪಕ್ಕದ ಮನೆಯ ಗಂಗಕ್ಕ ನೋಡಲು ಬಂದರು. ಕೊರಳಲ್ಲಿನ ಲಿಂಗ ಮುಟ್ಟಿಕೊಂಡು ನನ್ನ ಸಲುವಾಗಿ ದಿನಾ ಬೇಡಿಕೊಂಡವರು ಅವರು.

“ನಿಮ್ಮ ತಮ್ಮ ಅಲ್ಲಿ ಎದ್ದ ಕುಂತು ಉಪ್ಪಿಟ್ಟು ತಿನ್ನಾಕತ್ತಾನ, ಗಾಜಿನಾಗಿಂದ ನೋಡಿ ಬಂದೆ. ನೀವು ನೋಡಿದ್ರ ಇಲ್ಲಿ ಹಿಂಗ. ಕಿಡ್ನಿ ಕೆಟ್ಟಿದ್ದು ಯಾರದು ಅನ್ನೂದ ತಿಳಿವಲ್ದು.”

“ಗಂಗಕ್ಕಾ, ಕೈ ಮುಗೀತೀನಿ, ನಗಸಬ್ಯಾಡ್ರಿ” ಎಂದು ದಿಂಬು ಹಿಡಿದುಕೊಂಡೆ.

ಅವರು ಹೋದ ಮೇಲೆ ಮಾತ್ರ ಅಳು ಬಂತು. ಗಟ್ಟಿಮುಟ್ಟಾಗಿ ಒಳಗೆ ಹೋದವಳು ಕೂರಲಾಗದೆ ಬಿದ್ದಿದ್ದೇನೆ. ಇನ್ನು ಮುಂದೆ ಮೊದಲಿನ ಹಾಗೆ ಆಗುತ್ತೇನೋ ಇಲ್ಲವೋ ಎಂಬ ಭಯ.

ಮರುದಿನ ವಿಲ್ಸನ್ ನನ್ನನ್ನು ವೀಲ್‌ಚೇರಿನಲ್ಲಿ ಕೂರಿಸಿ ಪ್ರಕಾಶನ ಕೋಣೆಯ ಹತ್ತಿರ ಕರೆದೊಯ್ದರು. ಸೋಂಕು ತಗುಲಬಾರದೆಂದು ಒಳಗೆ ಬಿಡುವುದಿಲ್ಲ. ನಡುವೆ ಗಾಜು.

ಹೊರಗೆ ಕೂತಿದ್ದ ಅವನ ಹೆಂಡತಿ ರೂಪಾ ನನ್ನ ಕೈ ಹಿಡಿದುಕೊಂಡಳು. “ಅಕ್ಕಾರ, ಡಾಕ್ಟ್ರು ನೀರು ಕುಡೀಬೇಕು ಅಂದಾರ. ಮುಂಜಾನಿಂದ ಒಂದಸವನ ಕುಡ್ಯಾಕತ್ತಾರ ನೋಡ್ರಿ.”

ನೋಡಿದೆ. ತಮ್ಮ ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದಾನೆ. ಗದ್ದದಿಂದ ನೀರು ಇಳಿದು ಅಂಗಿ ಒದ್ದೆಯಾಗುತ್ತಿದೆ. ಬೂದಿ ಬಣ್ಣಕ್ಕೆ ತಿರುಗಿದ್ದ ಮುಖದಲ್ಲಿ ಮತ್ತೆ ಕಳೆ ಬಂದಿದೆ.

ನನ್ನನ್ನು ಕಂಡು ಫೋನ್ ಎತ್ತಿ ನನಗೆ ಕರೆ ಮಾಡಿದ. “ಅಕ್ಕಾ... ನೀರು ಇಷ್ಟು ಸಿಹಿ ಇರತೈತಿ ಅನ್ನೂದ ಮರತ ಬಿಟ್ಟಿದ್ದೆ.”

ನನಗೆ ನಗು ಬಂತು. ನಕ್ಕಾಗ ಹೊಲಿಗೆ ಜಗ್ಗಿತು. ನೋವಿಗೆ ಕಣ್ಣೀರು ಬಂತು, ಮತ್ತೆ ನಕ್ಕೆ. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ.

ಕ್ರಿಸ್ತನನ್ನು ತಿಳಿಯಬೇಕಾದರೆ ಆತನ ಬಾಧೆಯಲ್ಲಿ ಪಾಲು ಹೊಂದಬೇಕು, ಆತನು ಸಾವಿನಿಂದ ಎದ್ದುಬಂದ ಬಲವೂ ಆಗ ತಿಳಿಯುತ್ತದೆ ಎಂದು ನಮ್ಮ ಚರ್ಚಿನ ಸಭೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದೆ. ಆದರೆ ನಾನು ಶಿಲುಬೆಯನ್ನು ಯಾವಾಗಲೂ ಪಡೆದವಳ ಕಡೆಯಿಂದಲೇ ನೋಡಿದ್ದೆ. ಆತ ಪ್ರಾಣ ಕೊಟ್ಟ, ನಾನು ಬದುಕಿದೆ. ಕೊಟ್ಟವನಿಗೆ ಆಮೇಲೆ ಏನನಿಸಿತು ಎಂದು ಕೇಳಿಕೊಂಡೇ ಇರಲಿಲ್ಲ.

ಆತನ ನೋವಿನ ಮುಂದೆ ನನ್ನದು ಯಾವ ಲೆಕ್ಕ... ನನಗೆ ಅರಿವಳಿಕೆಯಾದರೂ ಇತ್ತು. ಆದರೂ ಆ ಗಾಜಿನ ಮುಂದೆ ಕೂತಾಗ ಕೊಟ್ಟು ಬದುಕಿಸಿದ ಆತನ ಸಂತೋಷದ ಒಂದು ಹನಿ ನನಗೂ ಸಿಕ್ಕಿತು ಎಂದು ಹೇಳಬಲ್ಲೆ.

ಈಗ ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ, ಮೆಟ್ಟಿಲು ಹತ್ತುತ್ತೇನೆ. ಪ್ರಕಾಶ ಮಾಸ್ಕ್ ಹಾಕಿಕೊಂಡು ಬೇಕರಿಯಲ್ಲಿ ಕೂರುತ್ತಾನೆ. “ನನ್ನ ಕಿಡ್ನಿ ಹ್ಯಾಂಗೈತಿ?” ಎಂದರೆ, “ನಿನ್ನಂಗ ಐತಿ. ಚಾ ಕುಡೀಲಿಲ್ಲಂದ್ರ ಏಳೂದೇ ಇಲ್ಲ” ಎನ್ನುತ್ತಾನೆ.

ಈ ಸಲ ಈಸ್ಟರ್ ದಿನ ಅವನು ಸಂಸಾರ ಸಮೇತ ನಮ್ಮ ಮನೆಗೆ ಬಂದಿದ್ದ. ಅವನು ತಂದ ಬನ್ನುಗಳನ್ನು ಗಂಗಕ್ಕನ ಮನೆಗೂ ಕೊಟ್ಟೆವು. ಊಟವಾದ ಮೇಲೆ ನನ್ನ ಮಗಳು, “ಮಮ್ಮಿ, ಹೊಲಿಗಿ ಗುರ್ತು ಹೋಗಾಕ ಕ್ರೀಮ್ ತಂದೀನಿ, ಹಚ್ಚಿಕೋ” ಎಂದು ಕೈಗೆ ಕೊಟ್ಟಳು.

ಸಮಾಧಿಯಿಂದ ಎದ್ದು ಬಂದ ಮೇಲೂ ಕ್ರಿಸ್ತನು ಶಿಲುಬೆಯಲ್ಲಿ ಈಟಿ ತಿವಿದ ಪಕ್ಕೆಯ ಗಾಯದ ಗುರುತನ್ನು ಏಕೆ ಉಳಿಸಿಕೊಂಡನು ಎನ್ನುವುದು ಆಗ ನನಗೆ ಹೊಳೆಯಿತು: ಅದನ್ನು ಮುಟ್ಟಿದಾಗೆಲ್ಲ ಬದುಕಿಸಿದವರ ಮುಖ ಕಾಣುತ್ತದೆ. ಕ್ರೀಮ್ ಇನ್ನೂ ಮುಚ್ಚಳ ತೆಗೆಯದೆ ಕಪಾಟಿನಲ್ಲೇ ಇದೆ.

ಅಳಿಸಿ ಹಾಕಲು ಮನಸ್ಸೇ ಬಾರದ ಅಂಥ ಗಾಯದ ಗುರುತು ನಿಮಗೂ ಯಾವುದಾದರೂ ಇದೆಯೇ?