ತಟ್ಟನೆ ಎದ್ದವರಿಗೊಂದು ಇಂಗ್ಲಿಷ್ ಪದ

ಇಂಗ್ಲಿಷಿನ ಮೇಲೆ ನನಗೆ ಇಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಹಾಗೆ ನೋಡಿದರೆ ಜೀವಮಾನವೆಲ್ಲ ಅದರ ಅನ್ನವನ್ನೇ ಉಂಡವನು ನಾನು. ಪೀಣ್ಯದ ಕಾರ್ಖಾನೆಯೊಂದರಲ್ಲಿ, ಯಂತ್ರಗಳ ಜೊತೆ ಕೊಡುವ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸವಾಗಿತ್ತು. ‘ಅಪಾಯ ಕಂಡರೆ ಕೂಡಲೇ ಕೆಂಪು ಗುಂಡಿ ಒತ್ತಿ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿದ್ದೇನೆ. ಒತ್ತಿದ್ದು ಮಾತ್ರ ಒಂದು ಸಲವೂ ಇಲ್ಲ. ನಿವೃತ್ತಿಯಾದ ಮೇಲೆ ಬಾಗಲಗುಂಟೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನಗೆ ಉಳಿದಿರುವ ಉದ್ಯೋಗವೆಂದರೆ ಸಂಘದ ನೋಟಿಸುಗಳ ಇಂಗ್ಲಿಷನ್ನು ತಿದ್ದಿಕೊಡುವುದು. ಸಂಬಳವಿಲ್ಲ, ಎಲ್ಲರೂ ‘ಮೂರ್ತಿ ಅಂಕಲ್ ಇಂಗ್ಲಿಷ್ ಸೂಪರ್’ ಅನ್ನುತ್ತಾರೆ, ಅಷ್ಟಕ್ಕೇ ಉಬ್ಬುತ್ತೇನೆ.

ಹೀಗಿರಲು ಮೊನ್ನೆ ತಿದ್ದುವುದಕ್ಕೆ ಬಂದ ನೋಟಿಸಿನಲ್ಲಿ ನಮ್ಮ ಸರೋಜಮ್ಮನವರನ್ನು ‘ಇಂಪಲ್ಸಿವ್’ ಎಂದು ಬರೆದಿತ್ತು. ಅಂದರೆ ಯೋಚನೆಯಿಲ್ಲದೆ ದುಡುಕುವವರು, ಮನಸ್ಸಿಗೆ ಬಂದ ಹಾಗೆ ಹಾರುವವರು. ಆದ್ದರಿಂದ ಭಾನುವಾರದ ಸಭೆಯಲ್ಲಿ ಅವರಿಂದ ಮೋಟಾರ್ ರೂಮಿನ ಕೀಲಿಕೈ ವಾಪಸು ಪಡೆಯಲಾಗುವುದು ಎಂದೂ ಇತ್ತು. ಓದಿ ನನ್ನ ಮೈ ಉರಿದುಹೋಯಿತು.

ಸರೋಜಮ್ಮ ನೆಲಮಹಡಿಯವರು. ಸರ್ಕಾರಿ ಕಾರ್ಖಾನೆಯೊಂದರ ಜೋಡಣೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಒಂದು ರೂಢಿಯಿತ್ತಂತೆ: ಸಾಲಿನಲ್ಲಿ ಏನಾದರೂ ಎಡವಟ್ಟು ಕಂಡರೆ ಯಾರು ಬೇಕಾದರೂ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಬಹುದು. ಮೊದಲು ನಿಲ್ಲಿಸು, ಆಮೇಲೆ ಕೇಳು. ಸುಮ್ಮಸುಮ್ಮನೆ ಒತ್ತಿದವರನ್ನು ಯಾರೂ ಬೈಯುತ್ತಿರಲಿಲ್ಲ, ಕಂಡೂ ಒತ್ತದವರನ್ನು ಮಾತ್ರ ಬೈಯುತ್ತಿದ್ದರು. ನಾನು ಕಾಗದದ ಮೇಲೆ ಬರೆದದ್ದನ್ನು ಈಕೆ ಮೈಯಲ್ಲಿ ಹೊತ್ತುಕೊಂಡು ಬಂದಿದ್ದಾರೆ. ಮೋಟಾರ್ ರೂಮು ಅವರ ಬಾಗಿಲಿಗೆ ಎದುರು. ಇಡೀ ಕಟ್ಟಡದ ಮೇನ್ ಸ್ವಿಚ್ಚು ಇರುವುದೂ ಅಲ್ಲೇ. ಅದಕ್ಕೇ ಅದರ ಕೀಲಿಕೈ ಮೊದಲಿನಿಂದಲೂ ಅವರ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

ಅವರು ಮಾಡಿದ ಅಪರಾಧ ಇದು. ಒಂದು ಬೆಳಿಗ್ಗೆ ಕೆಳಗೆ ಬೇಸ್‌ಮೆಂಟಿನಲ್ಲಿ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರಿನ ಪ್ಲಗ್ಗಿನಿಂದ ಹೊಗೆ ಬರತೊಡಗಿತು. ಯಾರೋ ಪುಣ್ಯಾತ್ಮರು ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ‘ನಿಮ್ಮೆಲ್ಲರ ಗಮನಕ್ಕೆ’ ಎಂಬ ಒಕ್ಕಣೆ ಬೇರೆ. ಒಬ್ಬರು ಹೆಬ್ಬೆರಳು ಎತ್ತಿದರು. ಒಬ್ಬರು ಕೈ ಮುಗಿದರು. ಇನ್ನೊಬ್ಬರು ‘ದಯವಿಟ್ಟು ಯಾರಾದರೂ ನೋಡಿ’ ಅಂದರು. ಯಾರಾದರೂ ಎಂದರೆ ಯಾರು? ಹಾಗೆ ಬರೆದವರು ಆ ಬೇಸ್‌ಮೆಂಟಿನಲ್ಲೇ ಕಾರಿನ ಬಾಗಿಲು ತೆಗೆಯುತ್ತಿದ್ದರು! ನಾನೂ ಸುಮ್ಮನಿರಲಿಲ್ಲ ಬಿಡಿ. ‘ಯಾವ ಕಂಬದ ಹತ್ತಿರ?’ ಎಂದು ಶುದ್ಧ ಇಂಗ್ಲಿಷಿನಲ್ಲಿ ವಿಚಾರಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಗುಂಪಿಗೆ ಸೇರದ ಸರೋಜಮ್ಮ ಹೊಗೆಯ ವಾಸನೆ ಹಿಡಿದು, ಮೋಟಾರ್ ರೂಮಿಗೆ ನುಗ್ಗಿ, ಮೇನ್ ಸ್ವಿಚ್ ಇಳಿಸಿ, ಬೇಸ್‌ಮೆಂಟಿಗೆ ಹೋಗಿ ಒಂದು ಬಕೆಟ್ ಮರಳು ಸುರಿದು, ವಾಪಸು ಬಂದು ಒಗ್ಗರಣೆ ಹಾಕುತ್ತಿದ್ದರು. ಸ್ಕೂಟರು ಉಳಿಯಿತು, ಅದರ ಪಕ್ಕದ ಸಾಲೂ ಉಳಿಯಿತು. ಉಳಿಯದೇ ಹೋದದ್ದು ನಮ್ಮ ಸಂಘದ ಕಾರ್ಯದರ್ಶಿ ನಿತಿನ್‌ನ ವಿಡಿಯೋ ಕಾಲ್ ಒಂದೇ. ಮೂರನೇ ಮಹಡಿಯಲ್ಲಿ ಕುಳಿತು ತನ್ನ ಕಂಪನಿಯ ದೊಡ್ಡವರಿಗೆ ಅವನು ಏನನ್ನೋ ವಿವರಿಸುತ್ತಿದ್ದನಂತೆ. ಬಾಯಿ ತೆರೆದಿರುವಾಗಲೇ ಅವನ ಮುಖ ಪರದೆಯ ಮೇಲೆ ನಿಂತುಹೋಯಿತಂತೆ. ಅನುಮತಿಯಿಲ್ಲದೆ ಕರೆಂಟು ತೆಗೆದವರು ಯಾರು ಎಂಬ ತನಿಖೆ ಅವತ್ತೇ ಶುರುವಾಯಿತು. ಹೊಗೆ ಯಾಕೆ ಬಂತು ಎಂಬ ತನಿಖೆ ಇವತ್ತಿಗೂ ಶುರುವಾಗಿಲ್ಲ.

ನಾನು ನಿತಿನ್‌ಗೆ ಫೋನು ಮಾಡಿ, ಈ ಪದ ತಪ್ಪಪ್ಪಾ, ತೆಗೆದುಬಿಡು ಎಂದೆ.

“ಸರಿ ಅಂಕಲ್, ಕರೆಕ್ಟ್ ವರ್ಡ್ ನೀವೇ ಕೊಡಿ, ಹಾಕ್ಬಿಡ್ತೀನಿ,” ಅಂದ.

ಅಲ್ಲಿಗೆ ಸಿಕ್ಕಿಬಿದ್ದೆ. ಸರಿಯಾದ ಪದ ಸಿಕ್ಕರೆ ನೋಟಿಸಿನ ಬುಡವೇ ಅಲ್ಲಾಡುತ್ತದೆ, ಕೀಲಿಕೈ ಅವರ ಮೊಳೆಯಲ್ಲೇ ಉಳಿಯುತ್ತದೆ ಎಂದು ನಿಘಂಟು ಹರವಿಕೊಂಡು ಕುಳಿತೆ.

ಮೊದಲು ‘ಪಂಕ್ಚುಯಲ್’ ನೋಡಿದೆ. ಅದು ಹೇಳಿದ ಹೊತ್ತಿಗೆ ಬರುವವರಿಗೆ. ಬೆಂಕಿ ಹೊತ್ತು ಹೇಳಿ ಬರುವುದಿಲ್ಲ. ‘ಪ್ರಾಂಪ್ಟ್’ ಎಂಬುದು ನಾನು ದುಡಿಯುವಾಗ ಮರ್ಯಾದಸ್ಥ ಪದವಾಗಿತ್ತು. ಈಗ ಮೊಮ್ಮಗಳನ್ನು ಕೇಳಿದರೆ, ಕಂಪ್ಯೂಟರಿಗೆ ಕೆಲಸ ಹೇಳಿ ತಾನು ಕಾಲು ಚಾಚಿ ಕೂರುವುದಕ್ಕೆ ಬರೆಯುವ ಒಕ್ಕಣೆಯಂತೆ ಅದು. ‘ಕ್ವಿಕ್’ ಎಂಬುದನ್ನು ದಿನಸಿ ತಂದುಕೊಡುವ ಆ್ಯಪಿನವರು ಕೊಂಡುಕೊಂಡಿದ್ದಾರೆ. ‘ಅಜೈಲ್’ ಚೆನ್ನಾಗಿತ್ತು, ಚಿಗರೆಯ ಚುರುಕು ಅದರಲ್ಲಿತ್ತು. ಆದರೆ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನನ್ನ ಅಳಿಯನ ಪ್ರಕಾರ ಅಜೈಲ್ ಅಂದರೆ ದಿನಾ ಬೆಳಿಗ್ಗೆ ಎಲ್ಲರೂ ಎದ್ದು ನಿಂತು, ನಿನ್ನೆ ಏನು ಮಾಡಲಿಲ್ಲ ಎಂದು ಹೇಳಿ ಕೂರುವುದು. ‘ಪ್ರೊಆಕ್ಟಿವ್’ ಬಗ್ಗೆ ಮಾತೇ ಬೇಡ. ಕೆಲಸಕ್ಕೆ ಮುಂಚೆ ಇಮೇಲ್ ಕಳಿಸುವವರೆಲ್ಲ ಆ ಪದವನ್ನು ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದಾರೆ. ಒಂದು ಕಡ್ಡಿ ಎತ್ತಿ ಆ ಕಡೆ ಇಡದವರು, ಕೂಡಲೇ ಎದ್ದು ಮಾಡುವವರಿಗೆಂದು ಇದ್ದ ಅಷ್ಟೂ ಪದಗಳನ್ನು ಬಾಚಿಕೊಂಡುಬಿಟ್ಟಿದ್ದಾರೆ. ಇದು ಅನ್ಯಾಯವಲ್ಲದೆ ಇನ್ನೇನು? ಮಾಡುವವರ ಪಾಲಿಗೆ ಉಳಿದದ್ದು ‘ಇಂಪಲ್ಸಿವ್’ ಒಂದೇ!

ಸಿಟ್ಟಿನಲ್ಲಿ ಸಂಸ್ಕೃತದ ಕಡೆ ತಿರುಗಿದೆ. ಅಲ್ಲಿ ಹೊತ್ತಿಗೆ ತಕ್ಕ ಬುದ್ಧಿ ತಟ್ಟನೆ ಹೊಳೆಯುವವರಿಗೆ ‘ಪ್ರತ್ಯುತ್ಪನ್ನಮತಿ’ ಎಂಬ ಭವ್ಯವಾದ ಪದವಿದೆ. ಆದರೆ ಅದನ್ನು ಪೂರ್ತಿ ಉಚ್ಚರಿಸುವ ಹೊತ್ತಿಗೆ ಸ್ಕೂಟರು ಬೂದಿಯಾಗಿರುತ್ತದೆ. ನಮ್ಮ ಕನ್ನಡವಾದರೂ ಕೈ ಹಿಡಿದೀತು ಎಂದುಕೊಂಡರೆ, ‘ತಾಳಿದವನು ಬಾಳಿಯಾನು’, ‘ನಿಧಾನವೇ ಪ್ರಧಾನ’, ‘ಆತುರಗಾರನಿಗೆ ಬುದ್ಧಿ ಮಟ್ಟ’! ನಮ್ಮ ಹಿರಿಯರೆಲ್ಲ ಜಗಲಿಯ ಮೇಲೆ ಕುಳಿತೇ ಗಾದೆ ಕಟ್ಟಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವವರ ಮೇಲೆ ಒಂದು ಗಾದೆ ಇದೆ, ನಿಜ. ಹೊತ್ತಿಗೆ ಸರಿಯಾಗಿ ನೀರು ಹಾಕಿದವರ ಮೇಲೆ ಯಾರೂ ಒಂದನ್ನೂ ಕಟ್ಟಿಲ್ಲ.

ಪದ ಸಿಗದೆಯೇ ಭಾನುವಾರ ಬಂತು. ನೆಲಮಹಡಿಯ ಹಾಲಿನಲ್ಲಿ ಸಭೆ. ಸರೋಜಮ್ಮ ಒಂದು ಮೊರದ ತುಂಬ ಅವರೆಕಾಯಿ ತಂದು, ಮೂಲೆಯ ಕುರ್ಚಿಯಲ್ಲಿ ಸುಲಿಯುತ್ತ ಕುಳಿತಿದ್ದರು. ನಾನು ಎದ್ದು ನಿಂತು, ಪದಗಳ ದುರ್ಬಳಕೆಯ ಬಗ್ಗೆ ಭಾಷಣವನ್ನೇ ಬಿಗಿದೆ. ಯಾರೋ ಆಕಳಿಸಿದರು. ನಿತಿನ್ ತಾಳ್ಮೆಯಿಂದ ಕೇಳಿ, ಕೊನೆಗೆ ಸರೋಜಮ್ಮನವರ ಕಡೆ ತಿರುಗಿದ.

“ಆಂಟಿ, ಪರ್ಸನಲ್ ಆಗಿ ತಗೋಬೇಡಿ. ಪ್ರೊಸೀಜರ್ ಅಂತ ಒಂದಿರುತ್ತಲ್ವಾ? ಇನ್ಮೇಲೆ ಏನಾದ್ರೂ ಆದ್ರೆ ಗ್ರೂಪಲ್ಲಿ ಹಾಕ್ಬೇಕು, ಕಮಿಟಿ ಅಪ್ರೂವ್ ಮಾಡ್ಬೇಕು, ಆಮೇಲೆ ಆಕ್ಷನ್. ಕೀ ಕೊಟ್ಬಿಡಿ.”

ಸರೋಜಮ್ಮ ಸೆರಗಿನ ಗಂಟು ಬಿಚ್ಚಿ, ಮೊಳೆಯಿಂದ ಇಳಿಸಿ ತಂದಿದ್ದ ಕೀಲಿಕೈ ತೆಗೆದು ಮೇಜಿನ ಮೇಲೆ ಇಟ್ಟರು. “ತಗೊಳಪ್ಪ,” ಅಂದರು. ಇದನ್ನೂ ಅವರು ತಟ್ಟನೆ ಮಾಡಿಬಿಟ್ಟರು!

 ಅವರ ಪಕ್ಕ ಹೋಗಿ, ಯಾಕ್ರೀ ಕೊಟ್ರಿ, ನಾನು ವಾದ ಮಾಡ್ತಾ ಇದ್ದೆನಲ್ಲ ಎಂದೆ.

“ಕೇಳಿದ್ರು, ಕೊಟ್ಟೆ. ಅವರವರ ಮನೆ ಕಾಯ್ಕೊಳ್ಳೋಕೆ ನಾನ್ಯಾಕೆ ಜಗಳ ಆಡ್ಲಿ, ಮೂರ್ತಿಯವ್ರೇ?” ಅಂದರು. ದನಿ ತಣ್ಣಗಿತ್ತು. ಆದರೆ ಅವರೆಕಾಯಿ ಸುಲಿಯುವ ಬೆರಳುಗಳು ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದವು.

ಈಗ ಕೀಲಿಕೈ ಯಾರು ಇಟ್ಟುಕೊಳ್ಳಬೇಕು ಎಂಬ ಚರ್ಚೆ ಶುರುವಾಯಿತು. ನಿತಿನ್‌ಗೆ ಟೈಮಿಲ್ಲ. ಖಜಾಂಚಿಗೆ ಮಂಡಿನೋವು. ಒಂದು ಉಪಸಮಿತಿ ಮಾಡಿದರೆ ಹೇಗೆ ಎಂದು ಯಾರೋ ಅಂದರು. ಕೀಲಿಕೈ ಮೇಜಿನ ನಡುವೆ, ಯಾರೂ ಮುಟ್ಟದ ಎಡೆಯ ಹಾಗೆ ಕುಳಿತಿತ್ತು. ಅಷ್ಟರಲ್ಲಿ ಕಿಟಕಿಯ ಆಚೆ ಧೋ ಎಂದು ಸದ್ದಾಯಿತು. ಮೋಟಾರು ಓಡುತ್ತಲೇ ಇತ್ತು, ಮೇಲಿನ ಟ್ಯಾಂಕು ತುಂಬಿ ನೀರು ಗೋಡೆಯುದ್ದಕ್ಕೂ ಸುರಿಯುತ್ತಿತ್ತು. ಕಾಸು ಕೊಟ್ಟು ತರಿಸಿದ ಟ್ಯಾಂಕರ್ ನೀರು! ಎಲ್ಲರೂ ತಲೆಯೆತ್ತಿದರು. ಎಲ್ಲರೂ ಜೇಬಿಗೆ ಕೈ ಹಾಕಿದರು. ಒಂದೇ ಕೋಣೆಯಲ್ಲಿದ್ದ ಅಷ್ಟೂ ಫೋನುಗಳು ಟಿಣ್ ಟಿಣ್ ಎಂದು ಬಡಿದುಕೊಂಡವು. ‘ಟ್ಯಾಂಕ್ ಓವರ್‌ಫ್ಲೋ ಆಗುತ್ತಿದೆ, ದಯವಿಟ್ಟು ಯಾರಾದರೂ ನೋಡಿ.’ ಬರೆದವರು ನನ್ನ ಎಡಗಡೆಯೇ ಕುಳಿತಿದ್ದರು.

ಸರೋಜಮ್ಮ ಅರ್ಧ ಎದ್ದರು. ಕೈ ತಾನಾಗಿಯೇ ಸೆರಗಿನ ತುದಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ಮತ್ತೆ ಕುಳಿತರು.

ಆ ಕೂರುವಿಕೆಯನ್ನು ನನ್ನಿಂದ ನೋಡಲಾಗಲಿಲ್ಲ. ನಾನು ಕೀಲಿಕೈ ಕಿತ್ತುಕೊಂಡು ಓಡಿದೆ. ಹಿಂದಿನಿಂದ ನಿತಿನ್ “ಅಂಕಲ್, ಒಂದ್ನಿಮಿಷ, ಅಪ್ರೂವಲ್...” ಎಂದದ್ದು ಕೇಳಿಸಿತು. ಚಪ್ಪಲಿ ಒಂದು ಕಡೆ ಹೋಯಿತು. ಮೋಟಾರ್ ರೂಮಿನ ಬೀಗ ಒಂದೇ ತಿರುವಿಗೆ ತೆರೆದುಕೊಂಡಿತು. ಒಳಗೆ ಗೋಡೆಯ ಮೇಲೆ ಒಂದು ಕೆಂಪು ಗುಂಡಿ. ಒತ್ತಿದೆ. ಮೋಟಾರು ನಿಂತಿತು, ನೀರಿನ ಸದ್ದೂ ನಿಧಾನಕ್ಕೆ ನಿಂತಿತು. ಏದುಸಿರು ಬಿಡುತ್ತ ನಿಂತಾಗ ಹೊಳೆಯಿತು, ಅಷ್ಟು ದೂರ ಓಡುವಾಗ ತಲೆಯಲ್ಲಿ ಒಂದು ಇಂಗ್ಲಿಷ್ ಪದವೂ ಇರಲಿಲ್ಲ, ಕನ್ನಡದ್ದೂ ಇರಲಿಲ್ಲ.

ವಾಪಸು ಬರುವಾಗ ಕೀಲಿಕೈಯನ್ನು ಸರೋಜಮ್ಮನವರ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ ಬಂದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಅದನ್ನು ಅಲ್ಲಿಂದ ತೆಗೆಯಲು ಒಬ್ಬರು ಎದ್ದು ಹೋಗಬೇಕಲ್ಲ. ಹಾಗಾಗಿ ಅದು ಇನ್ನೂ ಅಲ್ಲೇ ಇದೆ.

ಮಾರನೆಯ ದಿನ ಸಭೆಯ ನಡಾವಳಿ ತಿದ್ದುವುದಕ್ಕೆ ನನಗೇ ಬಂತು. ಸಭೆಯ ಮಧ್ಯೆ ಎದ್ದು ಓಡಿದ ಶ್ರೀ ಮೂರ್ತಿಯವರ ವರ್ತನೆ ‘ಇಂಪಲ್ಸಿವ್’ ಆಗಿತ್ತು ಎಂದು ಬರೆದಿದ್ದ ನಿತಿನ್. ಎರಡು ಸಲ ಓದಿದೆ. ಉಳಿದ ಕಡೆಯೆಲ್ಲ ಅಲ್ಪವಿರಾಮಗಳನ್ನು ಸರಿಮಾಡಿ, ಆ ಪದವನ್ನು ಮಾತ್ರ ಮುಟ್ಟದೆ ಹಾಗೇ ಕಳಿಸಿಕೊಟ್ಟೆ.